ಜರ್ಮನಿಗೆ ವಿದ್ಯಾರ್ಥಿಗಳ ಗುಂಪು ಪ್ರವಾಸ: ಪ್ರವಾಸ ಸಂಸ್ಥೆಯ ಸೇವೆ ಹೇಗಿತ್ತು?

ಕಲಬುರಗಿಯ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಜರ್ಮನಿಗೆ ಕರೆದೊಯ್ದ ಖಾಸಗಿ ಪ್ರವಾಸ ಸಂಸ್ಥೆಯ ಬಗ್ಗೆ ಬೀದರ್, ಯಾದಗಿರಿ ಕಡೆಯ ಸಹೋದ್ಯೋಗಿಗಳು ವಿಚಾರಿಸುತ್ತಿರುವುದರಿಂದ, ತಂಡದೊಂದಿಗೆ ಹೋಗಿಬಂದ ಅಧ್ಯಾಪಕಿಯಾಗಿ ಇದನ್ನು ಬರೆಯುತ್ತಿದ್ದೇನೆ. ವೀಸಾ, ವಿಮಾನ, ವಿಮೆ ಇವುಗಳಲ್ಲಿ ಕುಂದು ಹೇಳುವಂತಿಲ್ಲ. ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಕಡ್ಡಾಯವಾದ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯನ್ನು ಸಂಸ್ಥೆಯವರೇ ಮಾಡಿಸಿಕೊಟ್ಟರು. ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲವೆಂದು ಪಾಲಕರಿಗೆ ಮೊದಲೇ ತಿಳಿಸಿದ್ದರಿಂದ ತುಪ್ಪ, ಪೇಡೆಗಳು ಮನೆಯಲ್ಲೇ ಉಳಿದವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ನಮ್ಮೊಡನೆ ಬಂದವು.

ಪ್ರಚಾರ ಪತ್ರದಲ್ಲಿ ‘ಜರ್ಮನ್ ಸಂಸ್ಕೃತಿಯ ನೇರ ಅನುಭವ’ ಎಂದು ಬರೆದಿದ್ದರು. ಆ ಮಾತು ಹೆಚ್ಚು ನಿಜವಾದದ್ದು ನಾವು ಉಳಿದುಕೊಂಡ ಕಡೆಗಳಲ್ಲಿ. ಹೋಟೆಲಿನ ಬದಲು, ಯುವ ಪ್ರವಾಸಿಗರಿಗೆಂದೇ ಇರುವ ಸರಳ ವಸತಿಗೃಹಗಳಾದ ಯೂತ್ ಹಾಸ್ಟೆಲುಗಳಲ್ಲಿ ಇಳಿಸಿದ್ದು ಸಂಸ್ಥೆಯವರ ಅತ್ಯುತ್ತಮ ನಿರ್ಧಾರವೆಂದು ನಾನು ಭಾವಿಸುತ್ತೇನೆ. ಈ ವ್ಯವಸ್ಥೆ ಹುಟ್ಟಿದ್ದೇ ಜರ್ಮನಿಯಲ್ಲಿ. ಶಾಲಾ ಶಿಕ್ಷಕ ರಿಚರ್ಡ್ ಶಿರ್‌ಮನ್ 1912ರಲ್ಲಿ ಆಲ್ಟೆನಾದ ಕೋಟೆಯಲ್ಲಿ ಮೊದಲ ಹಾಸ್ಟೆಲನ್ನು ತೆರೆದರು. ಈ ಹಾಸ್ಟೆಲುಗಳಲ್ಲಿ ಹಾಸಿಗೆಗೆ ಚಾದರವನ್ನು ತಾವೇ ಹಾಸಿಕೊಳ್ಳಬೇಕು, ಉಂಡ ತಟ್ಟೆಯನ್ನು ತಾವೇ ಎತ್ತಿಡಬೇಕು, ರಾತ್ರಿ ಹತ್ತರ ಮೇಲೆ ಗದ್ದಲ ಮಾಡಬಾರದು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿದ್ದಾಗ ವಿದ್ಯಾರ್ಥಿಗಳು ಮೊದಲು ಚಡಪಡಿಸಿದರಾದರೂ, ಸ್ಥಳೀಯರಂತೆ ನದೀದಂಡೆಯಲ್ಲಿ ನಡೆದಾಡುತ್ತ ಆ ದಿನವನ್ನು ಕಳೆದರು. ಸೂಪರ್‌ಮಾರ್ಕೆಟ್ಟಿನಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಯಂತ್ರದ ದುಂಡನೆಯ ಬಾಯಿಗೆ ಇಟ್ಟರೆ ಅದು ಬಾಟಲಿಯನ್ನು ತಿರುಗಿಸಿ, ಗುರುತು ಓದಿ, ಒಳಗೆಳೆದುಕೊಂಡು 25 ಸೆಂಟಿನ ಚೀಟಿ ಕೊಡುತ್ತದೆ. ಕೊಳ್ಳುವಾಗ ಕೊಟ್ಟ ಠೇವಣಿಯೇ ಹೀಗೆ ಮರಳುತ್ತದೆಂದು ತಿಳಿದ ಮೇಲೆ ನಮ್ಮ ಹುಡುಗರು ಒಂದು ಬಾಟಲಿಯನ್ನೂ ಎಸೆಯಲಿಲ್ಲ.

ಬರ್ಲಿನ್ನಿನಲ್ಲಿ ಒದಗಿಸಿದ ಮಾರ್ಗದರ್ಶಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. 1961ರ ಆಗಸ್ಟ್ 13ರಂದು ಎದ್ದು 1989ರ ನವೆಂಬರ್ 9ರಂದು ತೆರೆದುಕೊಂಡ ಗೋಡೆಯ ಕಥೆಯನ್ನು ಅವರು ಬಸ್ಸಿನ ಕಿಟಕಿಯಿಂದ ತೋರಿಸಿ ಮುಗಿಸದೆ, ಬೆರ್ನಾವರ್ ಬೀದಿಯ ಸ್ಮಾರಕದಲ್ಲಿ ನಡೆಸಿಕೊಂಡು ಹೋದರು. ಗೋಡೆ ಇಲ್ಲವಾದ ಜಾಗದಲ್ಲಿ ತುಕ್ಕುಬಣ್ಣದ ಉಕ್ಕಿನ ಸರಳುಗಳನ್ನು ಸಾಲಾಗಿ ನೆಟ್ಟಿದ್ದು, ಅವುಗಳ ನಡುವೆ ಈಗ ಯಾರು ಬೇಕಾದರೂ ದಾಟಬಹುದು. ನಾತ್ಸಿಗಳು ಎಳೆದೊಯ್ದವರು ಕೊನೆಯದಾಗಿ ವಾಸವಿದ್ದ ಮನೆಗಳ ಮುಂದೆ, ಪಾದಚಾರಿ ದಾರಿಯಲ್ಲಿ ಅವರ ಹೆಸರು ಹೊತ್ತ ಹತ್ತು ಸೆಂಟಿಮೀಟರ್ ಅಗಲದ ಹಿತ್ತಾಳೆ ಫಲಕಗಳ ಬಳಿ ನಿಂತು, ಮಾರ್ಗದರ್ಶಿ ಒಂದೊಂದು ಹೆಸರನ್ನೂ ಓದಿ ಹೇಳಿದರು. ತನ್ನ ದೇಶದ ಪಾಪವನ್ನು ಬೀದಿಯಲ್ಲೇ ಬರೆದಿಡುವ ಆ ಎದೆಗಾರಿಕೆಯ ಬಗ್ಗೆ ವಿದ್ಯಾರ್ಥಿಗಳು ಆ ರಾತ್ರಿ ಬಹಳ ಹೊತ್ತು ಮಾತನಾಡಿಕೊಂಡರು.

ಉಳಿದ ಊರುಗಳಲ್ಲಿ ಮಾತ್ರ ಅವಸರವೇ ಅವಸರ. 1248ರಲ್ಲಿ ಆರಂಭವಾಗಿ, ಶತಮಾನಗಳ ಕಾಲ ನಿಂತುಹೋಗಿ, 1880ರಲ್ಲಿ ಪೂರ್ಣಗೊಂಡ ಕಲೋನಿನ 157 ಮೀಟರ್ ಎತ್ತರದ ಕೆಥೆಡ್ರಲ್ ಎದುರು ಫೋಟೊ ತೆಗೆಸಿಕೊಳ್ಳುವಷ್ಟೇ ಸಮಯ ಸಿಕ್ಕಿತು. ಗೋಪುರದ 533 ಮೆಟ್ಟಿಲು ಹತ್ತಲು ಸಿದ್ಧರಾಗಿದ್ದವರನ್ನು ಬಸ್ಸಿಗೆ ಕರೆದರು. ನನಗೆ ಇನ್ನೂ ನೋವಾದದ್ದು ಸ್ಟುಟ್‌ಗಾರ್ಟಿನಲ್ಲಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿದ ವಿಶ್ವವಿದ್ಯಾಲಯವಿರುವ, 1903ರಲ್ಲಿ ಅವರು ಕೊನೆಯುಸಿರೆಳೆದ ಟ್ಯೂಬಿಂಗನ್ ಅಲ್ಲಿಗೆ ಹತ್ತಿರ. ಕನ್ನಡದ ಮಕ್ಕಳು ಅಷ್ಟು ದೂರ ಹೋಗಿ ಆ ಊರನ್ನು ನೋಡದೆ ಬರುವುದು ಸರಿಯಲ್ಲವೆಂದು ಕೇಳಿಕೊಂಡಾಗ, ಕಾರ್ಯಕ್ರಮಪಟ್ಟಿ ಬದಲಿಸಲಾಗದು ಎಂಬ ಉತ್ತರ ಬಂತು. ಎಲ್ಲ ಊರಿನ ಕಾಲೇಜುಗಳಿಗೂ ಒಂದೇ ಪಟ್ಟಿ ಹಿಡಿದು ಪ್ರವಾಸ ಮಾಡಿಸುವುದೇ ಈ ಸಂಸ್ಥೆಯ ದೊಡ್ಡ ಕೊರತೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ತೊಂದರೆಯಾಗಲಿಲ್ಲ, ಆದರೆ ಸಂಜೆಗೆ ಬ್ರೆಡ್ಡು, ಚೀಸ್, ಹಸಿ ತರಕಾರಿಯ ತಣ್ಣನೆಯ ಊಟ ಅಲ್ಲಿನ ರೂಢಿಯೆಂಬುದನ್ನು ಮಕ್ಕಳಿಗೆ ಮುಂಚೆಯೇ ಹೇಳಿಡುವುದು ಒಳ್ಳೆಯದು.

ಮುಂದಿನ ತಂಡಕ್ಕೂ ಇದೇ ಸಂಸ್ಥೆಯನ್ನು ನಾನು ಒಪ್ಪುತ್ತೇನೆ. ಆದರೆ ಊರುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಬೇಕು, ಟ್ಯೂಬಿಂಗನ್‌ಗೆ ಒಂದು ಪೂರ್ತಿ ದಿನ ಕೊಡಬೇಕು ಎಂಬೆರಡು ಷರತ್ತುಗಳನ್ನು ಮುಂಗಡ ಹಣ ಕಟ್ಟುವ ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳುತ್ತೇನೆ.