ಮಾಜ್ಡಾ ಮಿಯಾಟಾ, ಕೆಲವು ವರ್ಷ ಓಡಿಸಿದ ಮೇಲೆ: ಝಡ್4 ಬೇಡ, ಬಾಕ್ಸ್‌ಸ್ಟರ್ ಬೇಡ, ಇದೇ ಯಾಕೆ?

ಮೊದಲೇ ಹೇಳಿಬಿಡುತ್ತೇನೆ, ವೇಗ ಬೇಕು ಅಂತ ಯಾರೂ ಮಿಯಾಟಾ ತಗೊಳ್ಳಬೇಡಿ. ಇದು ರೋಡ್‌ಸ್ಟರ್, ಅಂದರೆ ಟಾಪ್ ತೆರೆಯುವ ಎರಡೇ ಸೀಟಿನ ಪುಟ್ಟ ಕಾರು. ಇಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಯಾವ ಸಿಗ್ನಲ್‌ನಲ್ಲಿ ನಿಂತರೂ ಪಕ್ಕದ ಟೆಸ್ಲಾ ನಮ್ಮನ್ನು ಹಿಂದೆ ಹಾಕಿ ಹೋಗುತ್ತದೆ, ಅದೂ ಹಿಂದಿನ ಸೀಟಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡು. ನನ್ನದು 2019ರ ಕ್ಲಬ್ ಮಾಡೆಲ್, ಬಟ್ಟೆ ಟಾಪ್, ಆರು ಗೇರಿನ ಮ್ಯಾನ್ಯುಯಲ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಆಫೀಸು, ತರಕಾರಿ, ದೇವಸ್ಥಾನ, ಭಾನುವಾರ ಬೆಳಿಗ್ಗೆ ಬೆಟ್ಟ, ಎಲ್ಲದಕ್ಕೂ ಇದನ್ನೇ ಓಡಿಸಿದ್ದೇನೆ. ಮನೆಯಲ್ಲಿ ಇನ್ನೊಂದು ದೊಡ್ಡ ಗಾಡಿ ಇದೆ. ಅದಿಲ್ಲದಿದ್ದರೆ ಇದನ್ನು ಇಟ್ಟುಕೊಳ್ಳೋಕೆ ಆಗುತ್ತಿರಲಿಲ್ಲ.

"ಅಲ್ರೀ, ಬಿಎಂಡಬ್ಲ್ಯೂ ಬಿಟ್ಟು ಇದ್ಯಾಕೆ ತಗೊಂಡ್ರಿ?" ಅಂತ ಕೇಳದವರಿಲ್ಲ. ಬೆಂಗಳೂರಿನ ಸ್ನೇಹಿತರಿಗಂತೂ ಇದು ಗೊತ್ತೇ ಇಲ್ಲ, ಯಾಕೆಂದರೆ ಮಾಜ್ಡಾ ಇಂಡಿಯಾದಲ್ಲಿ ಕಾರು ಮಾರುವುದಿಲ್ಲ. ಬಿಎಂಡಬ್ಲ್ಯೂನ ಝಡ್4 ಅಲ್ಲೂ ಮಾರಾಟಕ್ಕೆ ಬಂದಿತ್ತು, ಹಾಗಾಗಿ ರೋಡ್‌ಸ್ಟರ್ ಅಂದರೆ ಅವರ ಕಣ್ಣಿಗೆ ಅದೇ ಬರುತ್ತದೆ.

ನನ್ನ ಉತ್ತರ ಒಂದೇ. ತೂಕ. ಈ ಗಾಡಿ ಸುಮಾರು 1,060 ಕೆಜಿ. ಅದೇ ಕಾಲದ ಝಡ್4 ಸುಮಾರು 1,500 ಕೆಜಿ, ಪೋರ್ಷೆ 718 ಬಾಕ್ಸ್‌ಸ್ಟರ್ 1,300ರ ಮೇಲೆ. 1989ರಲ್ಲಿ ಶಿಕಾಗೊ ಆಟೊ ಶೋನಲ್ಲಿ ಮೊದಲ ಮಿಯಾಟಾ ತೋರಿಸಿದಾಗ ಅದರ ತೂಕ ಸಾವಿರ ಕೆಜಿಗೆ ಸ್ವಲ್ಪ ಕಮ್ಮಿ ಇತ್ತು. ಅಷ್ಟು ವರ್ಷ ಕಳೆದು, ಏರ್‌ಬ್ಯಾಗು, ಕ್ಯಾಮೆರಾ, ಸ್ಕ್ರೀನು, ಎಲ್ಲಾ ಸೇರಿಸಿದ ಮೇಲೂ ನೂರು ಕೆಜಿ ಆಸುಪಾಸು ಮಾತ್ರ ಏರಿದೆ ಅಂದರೆ ಹಿರೋಶಿಮಾದ ಮಾಜ್ಡಾದವರು ಎಷ್ಟು ಜಿಪುಣತನದಿಂದ ಕೂತು ಲೆಕ್ಕ ಹಾಕಿರಬೇಕು ನೋಡಿ. ಈ ಗಾಡಿಯಲ್ಲಿ ನನಗೆ ಇಷ್ಟವಾದದ್ದೂ ಕಷ್ಟವಾದದ್ದೂ ಎರಡೂ ಆ ಜಿಪುಣತನದಿಂದಲೇ ಬಂದದ್ದು.

ಎಂಜಿನ್ 2 ಲೀಟರ್, ಟರ್ಬೊ ಇಲ್ಲ, 181 ಎಚ್‌ಪಿ. ಝಡ್4 30ಐ ಅಂದರೆ 255, ಎಂ40ಐ ಅಂದರೆ 382, ಬಾಕ್ಸ್‌ಸ್ಟರ್ 300. ಕಾಗದದ ಮೇಲೆ ನೋಡಿದರೆ ಇದಕ್ಕೆ ಆ ಸಾಲಿನಲ್ಲಿ ಕೂರುವ ಅರ್ಹತೆಯೇ ಇಲ್ಲ. ಆದರೆ ಎರಡನೇ ಗೇರ್‌ನಲ್ಲಿ 7,500 ಆರ್‌ಪಿಎಂವರೆಗೆ ಎಳೆದರೂ ವೇಗ ಗಂಟೆಗೆ 60 ಮೈಲಿ ಚಿಲ್ಲರೆ ಅಷ್ಟೇ. ಅಂದರೆ ಫ್ರೀವೇಗೆ ಸೇರುವ ರ‍್ಯಾಂಪ್‌ನಲ್ಲಿ ಮೊದಲ ಗೇರ್, ಎರಡನೇ ಗೇರ್, ಎರಡನ್ನೂ ಪೂರ್ತಿ ಎಳೆದು ಮುಗಿಸಿ, ಎಂಜಿನ್ ಕೂಗುವುದನ್ನು ಕೇಳಿ ಖುಷಿಪಟ್ಟು, ಆಮೇಲೂ 65 ಮೈಲಿ ಮಿತಿಯ ಒಳಗೇ ಇರಬಹುದು. ಪೊಲೀಸರ ದಂಡದ ಟಿಕೆಟ್ ಇಲ್ಲ. ಬಾಕ್ಸ್‌ಸ್ಟರ್‌ನಲ್ಲಿ ಎರಡನೇ ಗೇರ್ ಮುಗಿಯುವಷ್ಟರಲ್ಲಿ ಮಿತಿ ದಾಟಿರುತ್ತೀರಿ. ಉಳಿದ ಗೇರುಗಳನ್ನು ಎಳೆಯೋಕೆ ಜಾಗ ಎಲ್ಲಿದೆ?

ನಾನು ಜಾಸ್ತಿ ಹೋಗುವ ರಸ್ತೆ ಸ್ಯಾನ್ ಹೋಸೆಯಿಂದ ಮೌಂಟ್ ಹ್ಯಾಮಿಲ್ಟನ್ ತುದಿಯ ಲಿಕ್ ವೀಕ್ಷಣಾಲಯಕ್ಕೆ ಹತ್ತುವುದು. 1870ರ ದಶಕದಲ್ಲಿ ಮಾಡಿದ ರಸ್ತೆ. ಕುದುರೆಗಳು ಸಾಮಾನು ಎಳೆದುಕೊಂಡು ಹತ್ತಬೇಕಿತ್ತಲ್ಲ, ಅದಕ್ಕೆ ಏರು ಕಮ್ಮಿ ಇಟ್ಟು, ಬದಲಿಗೆ ಬೆಟ್ಟವನ್ನು ಸುತ್ತಿಸಿ ಸುತ್ತಿಸಿ ತಿರುವುಗಳನ್ನು ತುಂಬಿದ್ದಾರೆ. ಮಿಯಾಟಾಗೆ ಹೇಳಿ ಮಾಡಿಸಿದ ಹಾಗಿದೆ. ಏರು ಕಡಿದಾಗಿಲ್ಲದ ಕಾರಣ ಎಂಜಿನ್ ಏದುಸಿರು ಬಿಡುವುದಿಲ್ಲ, ತಿರುವು ಬಿಟ್ಟರೆ ತಿರುವು. ಮೂರು, ಎರಡು, ಮತ್ತೆ ಮೂರು ಅಂತ ಗೇರ್ ಹಾಕುತ್ತಾ ಹೋಗುವುದೇ ಕೆಲಸ. ಗೇರ್ ಲಿವರ್ ಮಣಿಕಟ್ಟನ್ನು ಸ್ವಲ್ಪ ತಿರುಗಿಸಿದರೆ ಸಾಕು, ಟಕ್ ಅಂತ ಕೂರುತ್ತದೆ. ಚಾರ್ಮಾಡಿಯಲ್ಲಿ ಗಾಡಿ ಕಲಿತವರಿಗೆ ಈ ರಸ್ತೆ ತಕ್ಷಣ ಅರ್ಥವಾಗುತ್ತದೆ, ಎದುರಿಗೆ ಬಸ್ ಬರುವುದಿಲ್ಲ ಅನ್ನೋದೊಂದೇ ವ್ಯತ್ಯಾಸ. ಒಂದು ಮಾತು: ತಿರುವಿನಲ್ಲಿ ಗಾಡಿ ಸ್ವಲ್ಪ ವಾಲುತ್ತದೆ. ಕ್ಲಬ್‌ನಲ್ಲಿ ಬಿಲ್‌ಸ್ಟೈನ್ ಶಾಕ್ ಅಬ್ಸಾರ್ಬರ್ ಇದ್ದರೂ ವಾಲುತ್ತದೆ. ಕೆಲವರಿಗೆ ಇದು ಹಿಡಿಸಲ್ಲ. ನನಗೆ ಹಿಡಿಸುತ್ತದೆ, ಯಾಕೆಂದರೆ ಟೈರ್ ಎಷ್ಟು ಕಷ್ಟಪಡುತ್ತಿದೆ ಅಂತ ಸೊಂಟಕ್ಕೇ ಗೊತ್ತಾಗುತ್ತದೆ.

ಈಗ ಬೇರೆಯವುಗಳ ಬಗ್ಗೆ. ತಗೊಳ್ಳುವ ಮುಂಚೆ ಝಡ್4, ಬಾಕ್ಸ್‌ಸ್ಟರ್ ಎರಡನ್ನೂ ಓಡಿಸಿ ನೋಡಿದ್ದೆ. ಝಡ್4 ಸೀಟು ಅದ್ಭುತ, ಟಾಪ್ ಹಾಕಿದರೆ ಒಳಗೆ ಮಾಮೂಲಿ ಕಾರಿನಷ್ಟೇ ಶಾಂತಿ, ಲಾಸ್ ಏಂಜಲಿಸ್‌ಗೆ ಹೋಗಿಬರಬೇಕೆಂದರೆ ನಾನೂ ಅದನ್ನೇ ಆರಿಸುತ್ತೇನೆ. ಟೊಯೊಟಾ ಸುಪ್ರಾ ಜೊತೆ ಒಂದೇ ಅಡಿಪಾಯ, ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ತಯಾರಾದದ್ದು. ಆದರೆ ಆಗ ಇಲ್ಲಿ ಆಟೊಮ್ಯಾಟಿಕ್ ಮಾತ್ರ ಸಿಗುತ್ತಿತ್ತು. ಮ್ಯಾನ್ಯುಯಲ್ ಬಂದದ್ದು 2024ರಲ್ಲಿ, ಅದೂ ದುಬಾರಿ ಎಂ40ಐನಲ್ಲಿ ಮಾತ್ರ. ನನಗೆ ಅಲ್ಲಿಗೇ ಮುಗಿಯಿತು.

ಬಾಕ್ಸ್‌ಸ್ಟರ್ ಬೇರೆ ವಿಷಯ. ಅದು ಮಿಯಾಟಾಗಿಂತ ಒಳ್ಳೆಯ ಕಾರು, ಅದರಲ್ಲಿ ವಾದವೇ ಇಲ್ಲ. ಎಂಜಿನ್ ನಡುವೆ ಇರುವುದರಿಂದ ಮುಂದೆ ಹಿಂದೆ ಎರಡೂ ಕಡೆ ಡಿಕ್ಕಿ, ಸ್ಟೇರಿಂಗ್ ಬಗ್ಗೆ ಏನು ಹೇಳಿದರೂ ಕಮ್ಮಿ. ಆದರೆ 2019ರಲ್ಲಿ ಹೊಸದರ ಬೆಲೆ 60 ಸಾವಿರ ಡಾಲರ್ ಹತ್ತಿರ ಇತ್ತು, ಮಿಯಾಟಾ ಕ್ಲಬ್ 30 ಸಾವಿರದ ಆಸುಪಾಸು. ಜೊತೆಗೆ ಬಾನೆಟ್ ಎತ್ತಿ ಎಂಜಿನ್ ನೋಡೋಣ ಅಂದರೆ ಎಂಜಿನ್ ಅಲ್ಲಿಲ್ಲ, ಸೀಟಿನ ಹಿಂದೆ ಮುಚ್ಚಿಟ್ಟಿದ್ದಾರೆ. ಮನೆ ಮುಂದೆಯೇ ಆಯಿಲ್ ಬದಲಿಸಿಕೊಳ್ಳುವ ನನ್ನಂಥವನಿಗೆ ಇದು ಸರಿಹೋಗಲ್ಲ. ಅದಕ್ಕಿಂತ ಹೆಚ್ಚಾಗಿ, ಬಾಕ್ಸ್‌ಸ್ಟರ್ ಇದ್ದಿದ್ದರೆ ಅದನ್ನು ಇಂಡಿಯನ್ ಅಂಗಡಿಯ ಇಕ್ಕಟ್ಟಾದ ಪಾರ್ಕಿಂಗ್‌ಗೆ ತಗೊಂಡು ಹೋಗೋಕೆ ಮನಸ್ಸೇ ಬರುತ್ತಿರಲಿಲ್ಲ. ಮಿಯಾಟಾವನ್ನು ಸುಮ್ನೆ ನಿಲ್ಲಿಸಿ ಹೋಗುತ್ತೇನೆ.

ಹೋಂಡಾ ಎಸ್2000 ಕನಸಿನ ಗಾಡಿ. 2009ಕ್ಕೆ ನಿಂತುಹೋಯಿತು, ಈಗ ಚೆನ್ನಾಗಿರುವುದು ಸಿಕ್ಕರೆ ಅದರ ಬೆಲೆ ಕೇಳಿ ಓಡಿಸೋಕೆ ಭಯವಾಗುತ್ತದೆ. ಫಿಯಟ್ 124 ಸ್ಪೈಡರ್ ಅಂದರೆ ಮಿಯಾಟಾ ಅಡಿಪಾಯದ ಮೇಲೆ ಹಿರೋಶಿಮಾದಲ್ಲೇ ಕಟ್ಟಿದ್ದು, ಎಂಜಿನ್ ಮಾತ್ರ ಫಿಯಟ್‌ನ 1.4 ಲೀಟರ್ ಟರ್ಬೊ. ಊರೊಳಗೆ ಓಡಿಸಲು ಎಳೆತ ಚೆನ್ನಾಗಿದೆ. ಮೇಲಿನ ಆರ್‌ಪಿಎಂಗೆ ಹೋದಾಗ ಸಪ್ಪೆ.

ಟಾಪ್ ಬಗ್ಗೆ ಹೇಳಲೇಬೇಕು. ಮೋಟಾರ್ ಇಲ್ಲ. ಕನ್ನಡಿಯ ಹತ್ತಿರ ಇರುವ ಒಂದು ಕೊಂಡಿ ಬಿಡಿಸಿ, ಹಿಂದಕ್ಕೆ ತಳ್ಳಿದರೆ ಆಯಿತು. ಸಿಗ್ನಲ್‌ನಲ್ಲಿ ಕೆಂಪು ಬಿದ್ದಾಗ ಕೂತಲ್ಲಿಂದಲೇ ಒಂದು ಕೈಯಲ್ಲಿ ತೆಗೆಯಬಹುದು, ಮಳೆ ಹನಿ ಬಿದ್ದರೆ ಹಾಗೇ ಎಳೆದು ಹಾಕಬಹುದು. ಆರ್‌ಎಫ್ ಅಂತ ಗಟ್ಟಿ ಟಾಪ್ ಮಾಡೆಲ್ ಇದೆ, ನೋಡೋಕೆ ಇದಕ್ಕಿಂತ ಚೆಂದ, ಆದರೆ ಅದು ತೆರೆಯೋಕೆ 13 ಸೆಕೆಂಡ್ ಬೇಕು, ಗಾಡಿ ಹೆಚ್ಚು ಕಮ್ಮಿ ನಿಂತಿರಬೇಕು, ತೂಕವೂ ಜಾಸ್ತಿ, ತೆರೆದರೆ ಹಿಂದಿನ ಕಂಬಗಳ ಹತ್ತಿರ ಗಾಳಿ ಭೋರ್ ಅನ್ನುತ್ತದೆ. ಹಾಗಿದ್ದ ಮೇಲೆ ರೋಡ್‌ಸ್ಟರ್ ಯಾಕೆ ಬೇಕು, ಅಲ್ವಾ?

ಇನ್ನು ಕಷ್ಟಗಳು. ಬಟ್ಟೆ ಟಾಪ್ ಮುಚ್ಚಿ 70 ಮೈಲಿಯಲ್ಲಿ ಹೋದರೆ ಪಕ್ಕದ ಲಾರಿಯ ಟೈರ್ ಸದ್ದು ಕಿವಿಯೊಳಗೇ ಇರುತ್ತದೆ. ಹ್ಯಾಂಡ್ಸ್‌ಫ್ರೀ ಹಾಕಿ ಊರಿಗೆ ಫೋನ್ ಮಾಡಿದರೆ ಅಪ್ಪ "ಎಲ್ಲಿದೀಯೋ, ಹಿಟ್ಟಿನ ಗಿರಣೀಲಾ?" ಅಂತಾರೆ. ಗ್ಲೋವ್ ಬಾಕ್ಸ್ ಇಲ್ಲವೇ ಇಲ್ಲ, ಸಾಮಾನು ಇಡಲು ಎರಡು ಸೀಟಿನ ನಡುವೆ ಹಿಂದೆ ಒಂದು ಗೂಡು, ಅದಕ್ಕೆ ಕೈ ಹಾಕಬೇಕೆಂದರೆ ಯೋಗಾಸನ. ಡಿಕ್ಕಿ 130 ಲೀಟರ್. ಒಂದು ಮೂಟೆ ಸೋನಾ ಮಸೂರಿ, ಎರಡು ಚೀಲ ತರಕಾರಿ, ಮುಗೀತು. ಸ್ಟೆಪ್ನಿ ಇಲ್ಲ, ಪಂಕ್ಚರ್ ಕಿಟ್ ಮಾತ್ರ. ಆರಡಿ ಮೇಲೆ ಇರುವವರು ತಲೆ ಎಲ್ಲಿಡಬೇಕು ಅಂತ ಮೊದಲು ಕೂತು ನೋಡಿ. ಅಮ್ಮ ಇಲ್ಲಿಗೆ ಬಂದಿದ್ದಾಗ ಹೇಗೋ ಹತ್ತಿದರು, ಇಳಿಯುವಾಗ ಮಂಡಿ ಹಿಡಿದುಕೊಂಡು, "ನೆಲದ ಮೇಲೆ ಕೂತು ಏಳೋಕೇ ಆಗಲ್ಲ ಅಂತ ಡೈನಿಂಗ್ ಟೇಬಲ್ ತಂದ್ವಿ, ನೀನು ನೋಡಿದ್ರೆ ಕಾರನ್ನೇ ನೆಲಕ್ಕೆ ಇಳಿಸಿದೀಯಲ್ಲೋ" ಅಂದರು. ಆಮೇಲೆ ಅವರು ಹೋದದ್ದೆಲ್ಲ ದೊಡ್ಡ ಗಾಡಿಯಲ್ಲೇ.

ಖರ್ಚು ಹಗುರ. ಮೈಲೇಜ್‌ಗೆ ಸರ್ಕಾರಿ ಅಂಕಿ ಊರೊಳಗೆ 26, ಹೆದ್ದಾರಿಯಲ್ಲಿ 34 ಮೈಲಿ ಪ್ರತಿ ಗ್ಯಾಲನ್‌ಗೆ. 280 ಫ್ರೀವೇಯಲ್ಲಿ ನಿಧಾನಕ್ಕೆ ಹೋದರೆ ನನಗೆ ಅದಕ್ಕಿಂತ ಜಾಸ್ತಿಯೇ ಬರುತ್ತದೆ. ನಾಲ್ಕೂ ಟೈರ್ ಒಂದೇ ಅಳತೆ, 205/45, 17 ಇಂಚು, ಹಾಗಾಗಿ ಮುಂದಿನದು ಹಿಂದೆ ಹಾಕಿ ಸವೆತ ಸಮ ಮಾಡಬಹುದು. ಝಡ್4, ಬಾಕ್ಸ್‌ಸ್ಟರ್ ಎರಡಕ್ಕೂ ಹಿಂದಿನ ಟೈರ್ ಅಗಲ ಬೇರೆ, ಅಲ್ಲಿ ಈ ಉಪಾಯ ನಡೆಯಲ್ಲ. ಬ್ರೇಕ್ ಪ್ಯಾಡ್ ಸವೆಯುವುದೇ ಕಾಣಲ್ಲ, ನಿಲ್ಲಿಸಬೇಕಾದ ತೂಕವೇ ಕಮ್ಮಿ. ಒಮ್ಮೆ ಒಬ್ಬ ಸರ್ವಿಸ್ ಸೆಂಟರಿನವರು ಅರ್ಧಕ್ಕಿಂತ ಜಾಸ್ತಿ ಉಳಿದಿದ್ದ ಪ್ಯಾಡನ್ನು ಬದಲಿಸಿ ಅಂತ ಹಟ ಹಿಡಿದರು. ಅಲ್ಲಿಗೆ ಮತ್ತೆ ಹೋಗಿಲ್ಲ.

ಹಳೆಯದು ತಗೊಳ್ಳುವವರಿಗೆ: ಆಗುವುದಾದರೆ 2019 ಅಥವಾ ಆಮೇಲಿನದ್ದೇ ನೋಡಿ. 2016ರಿಂದ 2018ರವರೆಗಿನದಕ್ಕೆ 155 ಎಚ್‌ಪಿ, ರೆಡ್‌ಲೈನ್ (ಎಂಜಿನ್ ಎಳೆಯಬಹುದಾದ ಗರಿಷ್ಠ ಆರ್‌ಪಿಎಂ) 6,800. ಸ್ಟೇರಿಂಗ್ ಮೇಲೆ ಕೆಳಗೆ ಆಗುತ್ತದೆ, ಹತ್ತಿರಕ್ಕೆ ಎಳೆಯೋಕೆ ಬರಲ್ಲ, ಕಾಲು ಉದ್ದ ಇದ್ದವರಿಗೆ ಇದು ನಿಜವಾದ ತೊಂದರೆ. 2016-17ರ ಗಾಡಿ ಆದರೆ ಎಲ್ಲಾ ಗೇರ್‌ನಲ್ಲೂ ಎಳೆದು, ಕೊಯ್ಯ್ ಅನ್ನುವ ಸದ್ದು ಬರುತ್ತದಾ ಕೇಳಿ. ಸೀಟಿನ ಹಿಂದಿನ ಕಾರ್ಪೆಟ್ ಮುಟ್ಟಿ ನೋಡಿ, ಒದ್ದೆ ಇದ್ದರೆ ಟಾಪ್‌ನ ನೀರು ಹೋಗುವ ತೂತುಗಳು ಎಲೆ ಕಸದಿಂದ ಕಟ್ಟಿಕೊಂಡಿವೆ ಅಂತ ಅರ್ಥ. ಮರದ ಕೆಳಗೆ ನಿಲ್ಲಿಸುವವರು ಅದನ್ನು ವರ್ಷಕ್ಕೊಮ್ಮೆಯಾದರೂ ಬಿಡಿಸಬೇಕು. ಕೊನೆಗೆ, ಟೆಸ್ಟ್ ಡ್ರೈವ್ ಅಂತ ಬೆಟ್ಟಕ್ಕೆ ಹೋಗಬೇಡಿ, ಅಲ್ಲಿ ಎಲ್ಲರಿಗೂ ಇಷ್ಟವಾಗುತ್ತದೆ. ಟಾಪ್ ಮುಚ್ಚಿ, ಸಂಜೆ ಆರರ ಟ್ರಾಫಿಕ್‌ನಲ್ಲಿ 101 ಫ್ರೀವೇ ಮೇಲೆ ಅರ್ಧ ಗಂಟೆ ಕ್ಲಚ್ ಒತ್ತಿ ನೋಡಿ. ಆಮೇಲೂ ಬೇಕು ಅನ್ನಿಸಿದರೆ ಬೆಲೆ ಮಾತಾಡಿ, ಇಲ್ಲದಿದ್ದರೆ ಝಡ್4 ಹುಡುಕಿಕೊಂಡು ಹೋಗಿ.