ಐನೂರು ರೂಪಾಯಿಗೆ ಯಾವ ಪ್ಲೇಟು?

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ ಹಳೆ ಗ್ರಾಮಫೋನ್ ಪ್ಲೇಟು ಹುಡುಕುವ ಚಟ ಅಂಟಿ ಎರಡು ವರ್ಷವಾಯಿತು. ಹೋದಾಗೆಲ್ಲ ಜೇಬಿನಲ್ಲಿ ಐನೂರು ರೂಪಾಯಿ, ಅದರ ಮೇಲೆ ಬಿಡಿಗಾಸಿಲ್ಲ. ಅದು ಮನೆಯಲ್ಲಿ ಆಗಿರುವ ಒಪ್ಪಂದ. ಆ ದುಡ್ಡಿಗೆ ನಾಲ್ಕೈದು ಇಪಿ ಬರುತ್ತವೆ, ಇಲ್ಲವೇ ಹನ್ನೆರಡಿಂಚಿನ ಒಂದು ಎಲ್‌ಪಿ, ಇಲ್ಲವೇ ಕೈಚೀಲ ಹರಿಯುವಷ್ಟು 78, ಅಂದರೆ ನಿಮಿಷಕ್ಕೆ 78 ಸುತ್ತಿನ ಹಳೆಯ ಅರಗಿನ ಪ್ಲೇಟು. ಮೂರನ್ನೂ ತಂದು ಒಂದೇ ಪ್ಲೇಯರ್ ಮೇಲೆ ತಿರುಗಿಸಿ ನೋಡಿದ್ದೇನೆ.

ಸಿನಿಮಾ ಹಾಡಿಗಾದರೆ ನನ್ನ ಓಟು ಇಪಿಗೆ. ಏಳಿಂಚಿನ ಪುಟ್ಟ ತಟ್ಟೆ, ನಿಮಿಷಕ್ಕೆ 45 ಸುತ್ತು, ಹೆಚ್ಚಾಗಿ ಪಕ್ಕಕ್ಕೆ ಎರಡು ಹಾಡು. ದೊಡ್ಡದರಲ್ಲಿ ದನಿಯೂ ದೊಡ್ಡದಿರುತ್ತದೆ ಅಂತ ನಾನೂ ಮೊದಲು ಎಲ್‌ಪಿಯ ಹಿಂದೆಯೇ ಬಿದ್ದಿದ್ದೆ. ಆಮೇಲೆ ಪಿ.ಬಿ. ಶ್ರೀನಿವಾಸ್ ಹಾಡಿದ ಒಂದೇ ಹಾಡು ಎರಡರಲ್ಲೂ ಸಿಕ್ಕಿತು. ನೂರು ರೂಪಾಯಿಯ ಇಪಿಯಲ್ಲಿ ಅದು ಪಕ್ಕದ ಮೊದಲ ಹಾಡು, ನಾನೂರೈವತ್ತು ಕೊಟ್ಟ ಎಲ್‌ಪಿಯಲ್ಲಿ ಕೊನೆಯದು. ಎಲ್‌ಪಿಯಲ್ಲಿ 'ಸ', 'ಶ' ಬಂದ ಕಡೆಯೆಲ್ಲ ದನಿ ಉಸ್ಸೆಂದು ಸೀಳುತ್ತದೆ. ಇಪಿಯಲ್ಲಿ ಆ ಮೃದು ಕಂಠ ಮೃದುವಾಗಿಯೇ ಇದೆ, ಹಿಂದೆ ಸ್ವಲ್ಪ ಚಟಪಟ ಅಷ್ಟೆ.

ಕಾರಣ ಲೆಕ್ಕದಲ್ಲಿದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ದನಿ ಕೊರೆದ ಗೆರೆ ಸುಮಾರು 51 ಸೆಂ.ಮೀ. ಹಾದುಹೋದರೆ, ಲೇಬಲ್ ಹತ್ತಿರ ಬರುವಷ್ಟರಲ್ಲಿ ಅದು 21ಕ್ಕೆ ಇಳಿದಿರುತ್ತದೆ. ಅದೇ ದನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಇಪಿಯ ಅಂಚಿನಲ್ಲಿ ವೇಗ 40ರ ಆಸುಪಾಸು. ಹಾಗಾಗಿ ನನ್ನ ಹೋಲಿಕೆಯಲ್ಲಿ ಎಲ್‌ಪಿಗೆ ಅನ್ಯಾಯವೂ ಆಗಿದೆ: ಅದೇ ಹಾಡು ಅಲ್ಲಿ ಮೊದಲನೆಯದಾಗಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು. ಇಪಿಯ ಎರಡನೇ ಹಾಡಿಗೂ ಈ ಭಾಗ್ಯವಿಲ್ಲ, ಕೊನೆಗೆ ಬರುವಾಗ ಅಲ್ಲೂ ವೇಗ 25ರಷ್ಟೇ. ಈಗ ನಾನು ಕವರ್ ತಿರುಗಿಸಿ, ಬೇಕಾದ ಹಾಡು ಎಷ್ಟನೆಯದು ಅಂತ ನೋಡಿಯೇ ಬೆಲೆ ಕೇಳುವುದು.

ಇಪಿಯ ಶತ್ರು ಮೈಕ್‌ಸೆಟ್. ಮದುವೆ, ಜಾತ್ರೆ, ಗಣೇಶನ ಪೆಂಡಾಲ್ ಎಲ್ಲ ಸುತ್ತಿ ಬಂದ ಪ್ಲೇಟಿನ ಲೇಬಲ್ ಮೇಲೆ ಬಾಲ್‌ಪೆನ್ನಿನಲ್ಲಿ ನಂಬರು ಬರೆದಿರುತ್ತಾರೆ. ಭಾರದ ಮುಳ್ಳು ನೂರಾರು ಸಲ ಉಜ್ಜಿದ ಗೆರೆಯನ್ನು ಯಾವ ಸೋಪಿನ ನೀರೂ ಸರಿಮಾಡುವುದಿಲ್ಲ. "ಅಣ್ಣಾವ್ರ ಪ್ಲೇಟು ಸಾರ್, ಬೆಲೆ ನೋಡಬೇಡಿ" ಅಂತ ಅಂಗಡಿಯವರು ಒತ್ತಾಯಿಸಿದರೂ ನಡುವಿನ ತೂತಿನ ಸುತ್ತ ನೋಡಿ. ಬೆಳ್ಳಗೆ ಗೀಚಿದ ಗೆರೆ ಎಷ್ಟಿವೆಯೋ, ಆ ಪ್ಲೇಟನ್ನು ಅಷ್ಟು ಸಲ ತಡಕಾಡಿ ಇಟ್ಟಿದ್ದಾರೆ ಎಂದರ್ಥ. ನಾನು ತಂದ ಹದಿನಾಲ್ಕು ಇಪಿಗಳಲ್ಲಿ ಐದು ಹೀಗೆ ದಂಡವಾದವು, ಅಣ್ಣಾವ್ರ ಮೇಲಿನ ಪ್ರೀತಿಗೆ ಕಟ್ಟಿದ ತೆರಿಗೆ.

ಎಲ್‌ಪಿ ಗೆಲ್ಲುವುದು ಶಾಸ್ತ್ರೀಯ ಸಂಗೀತದಲ್ಲಿ, ಅಲ್ಲಿ ಪೈಪೋಟಿಯೇ ಇಲ್ಲ. ಮಲ್ಲಿಕಾರ್ಜುನ ಮನ್ಸೂರರು ಒಂದು ರಾಗವನ್ನು ಬಿಚ್ಚುತ್ತಾ ಹೋಗುವಾಗ 78ರಲ್ಲಿನಂತೆ ಮೂರು ನಿಮಿಷಕ್ಕೊಮ್ಮೆ ಎದ್ದು ಪ್ಲೇಟು ತಿರುವುವುದು ಯಾರಿಗೆ ಬೇಕು? ಇಲ್ಲಿ ಪಕ್ಕಕ್ಕೆ ಇಪ್ಪತ್ತು ನಿಮಿಷ ಸಿಗುತ್ತದೆ. ಅದೂ ಅಲ್ಲದೆ ಈ ಪ್ಲೇಟುಗಳು ಮೈಕ್‌ಸೆಟ್ ಕಂಡಿರುವುದಿಲ್ಲ. ಯಾರದೋ ಮನೆಯ ಬೀರುವಿನಲ್ಲಿ ಜೋಪಾನವಾಗಿದ್ದು, ಅಜ್ಜ ತೀರಿಕೊಂಡ ಮೇಲೆ ಬಜಾರಿಗೆ ಬಂದವು. ಆದರೆ ಫುಟ್‌ಪಾತಿನ ಬಿಸಿಲಿಗೆ ಹನ್ನೆರಡಿಂಚಿನ ತಟ್ಟೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡದೆ ಕೊಳ್ಳಬೇಡಿ. ವೀಣೆಯ ಎಲ್‌ಪಿಯಾದರಂತೂ ಇನ್ನೂ ಎಚ್ಚರ. ಸಿನಿಮಾದ ವಾದ್ಯವೃಂದ ಗೀರುಗಳನ್ನು ಮುಚ್ಚಿಹಾಕುತ್ತದೆ, ವೀಣೆಯ ಎರಡು ಮೀಟಿನ ನಡುವಿನ ಮೌನದಲ್ಲಿ ಒಂದೊಂದು ಗೀರೂ ಒಗ್ಗರಣೆ ಸಿಡಿದಂತೆ ಕೇಳುತ್ತದೆ.

ಇನ್ನು 78. ಬೆಲೆಯಲ್ಲಿ ಇದೇ ಅಗ್ಗ, ಐವತ್ತಕ್ಕೂ ಕೊಡುತ್ತಾರೆ. ಖರ್ಚು ಆಮೇಲೆ ಶುರು. ಎಲ್‌ಪಿಯ ಮುಳ್ಳಿನ ತುದಿ ಇಂಚಿನ ಸಾವಿರದಲ್ಲೊಂದು ಪಾಲಿಗಿಂತ ಸಣ್ಣದು, 78ರ ಗೆರೆಗೆ ಬೇಕಾದ್ದು ಸುಮಾರು ಮೂರು ಪಾಲಿನಷ್ಟು. ಸಣ್ಣ ಮುಳ್ಳು ಹಾಕಿದರೆ ಗೆರೆಯ ತಳದ ಕೊಳೆಯಲ್ಲಿ ಓಡಾಡಿ ಬರೀ ಗರಗರ ಸದ್ದು. ಬೇರೆ ಮುಳ್ಳು ತರಿಸಿದೆ. ಅದಕ್ಕೆ ಬಿದ್ದ ದುಡ್ಡಿನಲ್ಲಿ ಇಪ್ಪತ್ತು ಇಪಿ ಬರುತ್ತಿದ್ದವು. ಒಂದು ಪ್ಲೇಟು ಆಟೊದ ಕುಲುಕಾಟಕ್ಕೆ ಚಕ್ಕುಲಿಯಂತೆ ಮುರಿಯಿತು. ಇನ್ನೊಂದನ್ನು ನಾನೇ ಕೊಂದೆ. ಎಲ್‌ಪಿ ಒರೆಸುವ ಸ್ಪಿರಿಟ್ಟನ್ನೇ ಇದಕ್ಕೂ ಹಚ್ಚಿದೆ, ಬಟ್ಟೆಗೆ ಕಪ್ಪು ಇಳಿಯಿತು. ಕೊಳೆ ಹೋಗುತ್ತಿದೆ ಅಂತ ಖುಷಿಯಲ್ಲಿ ಇನ್ನಷ್ಟು ಉಜ್ಜಿದೆ. ಹೋಗುತ್ತಿದ್ದದ್ದು ಪ್ಲೇಟೇ! ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಮರಗೆಲಸದವರಿಗೆ ಗೊತ್ತಿರುವ ಈ ಸಂಗತಿ ನನಗೆ ಹೊಳೆದಿರಲಿಲ್ಲ. 78ಕ್ಕೆ ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ.

ಹೊಸದಾಗಿ ಶುರುಮಾಡುವವರಿಗೆ 78 ಬೇಡವೆಂದೇ ಹೇಳುತ್ತೇನೆ. ನಾನು ಮಾತ್ರ ಬಿಟ್ಟಿಲ್ಲ, ಹಳೆಯ ದನಿಗಳ ಆಸೆಗೆ. 1902ರಲ್ಲಿ ಕಲ್ಕತ್ತದಲ್ಲಿ ಹಾಡಿ ಪ್ಲೇಟುಗಳಿಂದಲೇ ಮನೆಮಾತಾದ ಗೌಹರ್ ಜಾನ್ ಕಣ್ಣು ಮುಚ್ಚಿದ್ದು 1930ರಲ್ಲಿ, ನಮ್ಮ ಮೈಸೂರಿನಲ್ಲಿ. ಗಂಗೂಬಾಯಿ ಹಾನಗಲ್ಲರ ಆರಂಭದ ಪ್ಲೇಟುಗಳು ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ, ದನಿ ಗಡಸಾಗುವುದಕ್ಕೆ ಮುಂಚಿನ ಕಾಲದವು. ಆ ಲೇಬಲ್ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಬಿದ್ದ ದಿನ ಬೆಲೆ ಕೇಳುವಾಗ ಮುಖದಲ್ಲಿ ಏನೂ ತೋರಬಾರದಲ್ಲ, ಅದಕ್ಕಾಗಿ ಕನ್ನಡಿ ಮುಂದೆ ಅಭ್ಯಾಸ ನಡೆದಿದೆ.