ಡೇಟಾಬೇಸ್ ಎಲ್ಲರಿಗೂ ಒಂದೇ ಸಾಕಾ, ಒಬ್ಬೊಬ್ಬರಿಗೂ ಬೇರೆ ಬೇಕಾ?

ಒಂದೇ ಸಾಫ್ಟ್‌ವೇರನ್ನು ಹಲವು ಕಂಪನಿಗಳು ಬಳಸುವಾಗ, ಎಲ್ಲ ಗ್ರಾಹಕ ಕಂಪನಿಗಳ ಡೇಟಾ ಒಂದೇ ಕಡೆ ಇದ್ದರೆ ಬ್ಯಾಕಪ್ ಒಂದು, ಅಪ್‌ಗ್ರೇಡ್ ಒಂದು, ಅಡ್ಮಿನ್‌ಗೆ ನಿರಾಳ. ಆದರೆ ಒಂದು ಕ್ವೆರಿಯಲ್ಲಿ (ಡೇಟಾ ಕೇಳುವ ಆದೇಶ) ಟೆನೆಂಟ್ ಐಡಿ, ಅಂದರೆ ಯಾವ ಗ್ರಾಹಕರದು ಎಂಬ ಗುರುತಿನ ಷರತ್ತು ಬಿಟ್ಟುಹೋಯಿತೋ, ಒಬ್ಬರ ಇನ್‌ವಾಯ್ಸ್ ಇನ್ನೊಬ್ಬರ ಪರದೆಯಲ್ಲಿ! ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ 9.5ನೇ ಆವೃತ್ತಿಯಿಂದ ರೋ ಲೆವೆಲ್ ಸೆಕ್ಯುರಿಟಿ (ಟೇಬಲ್‌ನ ಯಾವ ಸಾಲು ಯಾರಿಗೆ ಕಾಣಬೇಕೆಂಬ ನಿಯಮ) ಇದೆ, ಇದನ್ನು ತಡೆಯುತ್ತದೆ. ಆದರೆ ಆ್ಯಪ್, ಆ ಟೇಬಲ್‌ನ ಮಾಲೀಕ ಖಾತೆಯಿಂದಲೇ ಕನೆಕ್ಟ್ ಆಗುತ್ತಿದ್ದರೆ ಆ ನಿಯಮ ತಾನಾಗಿ ಅನ್ವಯಿಸುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಬೇರೆ ಬೇರೆ ಇಟ್ಟರೆ ಒಬ್ಬರ ಡೇಟಾ ಮಾತ್ರ ನಿನ್ನೆಯ ಸ್ಥಿತಿಗೆ ತರುವುದು ಸಲೀಸು. ಆದರೆ 200 ಗ್ರಾಹಕರಿದ್ದರೆ ಒಂದು ಕಾಲಂ ಸೇರಿಸಲು 200 ಸಲ ಸ್ಕ್ರಿಪ್ಟ್ ಓಡಬೇಕು. 137ನೆಯದು ಕೈಕೊಟ್ಟರೆ ಆ ರಾತ್ರಿ ನಿದ್ದೆಯಿಲ್ಲ. ಸರ್ವರ್ ಒಂದೇ ಆದರೆ ಸಿಪಿಯು ಹೇಗೂ ಹಂಚಿಕೆಯೇ.

ನಾನಾದರೆ ಕರೆನ್ಸಿ, ದೇಶಗಳ ಪಟ್ಟಿ ಹಂಚಿಕೊಳ್ಳುತ್ತೇನೆ. ಲೆಡ್ಜರ್, ಸಂಬಳದ ಡೇಟಾ ಬೇರೆಯೇ ಇಡುತ್ತೇನೆ.